ಸಣ್ಣಾಚಾರಿ ಕೋವಿ ಕೆಳಗಿಟ್ಟದ್ದು

ಯಾವ ಕಾಲ ಅಂತ ಕೇಳಬೇಡಿ. ಬಹಳ ಹಿಂದೆ, ಗುಡ್ಡದ ಬುಡದಲ್ಲಿ ಒಂದೂರು. ಆ ಊರಲ್ಲಿ ಸಣ್ಣಾಚಾರಿ ಅಂತ ಒಬ್ಬ ಕಮ್ಮಾರ ಇದ್ದ. ಕುಡುಗೋಲು ತಟ್ಟುತ್ತಿದ್ದ, ನೇಗಿಲಿಗೆ ಗುಳ ಮಾಡುತ್ತಿದ್ದ. ಆದರೆ ಅವನ ಹೆಸರು ನಿಂತದ್ದು ಕೋವಿಯ ಗುಂಡಿನಿಂದ. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಕೋವಿಗೆ ಒಮ್ಮೆಗೆ ಒಂದೇ ತುಂಬುವಂಥ ದಪ್ಪ ಗುಂಡು ಮಾಡುತ್ತಿದ್ದ. ಅವನ ಗುಂಡು ಹಾರುವ ತುಂಬಿಯ ಮೀಸೆ ಕತ್ತರಿಸುತ್ತಿತ್ತು ಅಂತಾರೆ. ತುಂಬಿಗೆ ಗೊತ್ತೇ ಆಗುತ್ತಿರಲಿಲ್ಲ ಅಂತಾರೆ. ನಾನು ಕಂಡಿಲ್ಲ.

ಒಂದು ವರ್ಷ ಒಂಟಿ ಹಂದಿಯೊಂದು ಗದ್ದೆಗೆ ಬಿತ್ತು. ಅಡ್ಡ ಬಂದವರನ್ನು ತಿವಿದು ಮಲಗಿಸಿತು. ಊರೆಲ್ಲ ಬೇಟೆಗೆ ಹೊರಡಬೇಕು. ಕೋವಿ ಇದ್ದವರು ಒಂದು ಕಡೆ ಕಾದು ಕೂರುತ್ತಾರೆ. ಉಳಿದವರು ಪೊದೆ ಬಡಿದು ಹಂದಿಯನ್ನು ಅವರ ಕಡೆ ಓಡಿಸುತ್ತಾರೆ. ಗುಂಡು ಅತ್ತಿತ್ತ ಹೋದರೆ ಸಾಯುವವನು ಪೊದೆ ಬಡಿಯುವವನು. ಹಿಂದಿನ ಬೇಟೆಯಲ್ಲಿ ಹಾಗೇ ಒಬ್ಬ ಸತ್ತಿದ್ದ.

ಅದಕ್ಕೇ ಪಟೇಲ ಜವನಪ್ಪ ಒಂದು ಕಟ್ಟಳೆ ಮಾಡಿದ. ಮನೆಯಲ್ಲಿ ಗುಂಡು ಮಾಡಿದವನು ಮೊದಲು ಕೆರೆ ಏರಿಯ ಹತ್ತಿರ ಹೊಡೆದು ತೋರಿಸಬೇಕು. ಏರಿಗೆ ಒರಗಿಸಿ ಬಾಳೆ ದಿಂಡು, ದಿಂಡಿಗೆ ಸುಣ್ಣದ ಬೊಟ್ಟು. ದಿಂಡಿನ ಪಕ್ಕ, ಮೊಳ ದೂರದಲ್ಲಿ, ಹೊಡೆಯುವವನು ತನ್ನದೇ ಎತ್ತನ್ನು ಕಟ್ಟಬೇಕು. ತನ್ನ ಎತ್ತು ನಿಂತಿದ್ದರೆ ಯಾರೂ ಅಂದಾಜಿಗೆ ಗುಂಡು ಮಾಡುವುದಿಲ್ಲ.

ಒಬ್ಬೊಬ್ಬರೇ ಹೊಡೆದರು. ಎತ್ತುಗಳು ಉಳಿದವು. ಸಣ್ಣಾಚಾರಿಯ ಸರದಿ ಬಂತು.

"ಏನಾಚಾರಿ, ಎತ್ತೆಲ್ಲಿ?" ಅಂದ ಪಟೇಲ.

"ಕಮ್ಮಾರನಿಗೆ ಎತ್ತೆಲ್ಲಿಂದ ಬರಬೇಕು ಪಟೇಲ್ರೇ."

"ಕುಳುಮೇಲಿ ತಿದಿ ಐತಲ್ಲ, ಅದೂ ಎತ್ತಿನ ಚರ್ಮವೇ. ತಂದು ಕಟ್ಲಿ," ಅಂತ ಹಿಂದಿನಿಂದ ಯಾರೋ ಅಂದರು. ಎಲ್ಲ ನಕ್ಕರು.

ಆಗ ಅವನ ಹೆಂಡತಿ ತಿಮ್ಮಾಜಮ್ಮ ಎದ್ದಳು. ಆ ತಿದಿ ಒತ್ತಿ ಕುಳುಮೆ ಬೆಂಕಿಗೆ ಗಾಳಿ ಊದುತ್ತಿದ್ದವಳು ಅವಳೇ. ಎತ್ತು ಮಾಡೋ ಕೆಲಸ ಎಲ್ಲ ಮಾಡಿದ್ದೀನಿ, ನಿಲ್ಲೋದಕ್ಕೇನು ಅಂದಳಂತೆ. ಹೋಗಿ ದಿಂಡಿನ ಪಕ್ಕ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆ ಮುಂದೆ ನಿಂತ ಹಾಗೆ ನಿಂತಳು ಅಂತಾರೆ.

ಸಣ್ಣಾಚಾರಿ ಕೋವಿ ಎತ್ತಿದ. ಬೊಟ್ಟು ನೋಡಿದ. ಅವಳನ್ನು ನೋಡಿದ. ಕೋವಿ ಇಳಿಸಿದ. ಮತ್ತೆ ಎತ್ತಿದ. ಹೊಡೆಯದೆ ಹೋದರೆ ತನ್ನ ಗುಂಡನ್ನು ತಾನೇ ನಂಬಲಿಲ್ಲ ಅಂತ ಆಗುತ್ತೆ. ಇನ್ನು ಯಾರೂ ಅವನ ಕುಳುಮೆ ಕಡೆ ತಿರುಗಿ ನೋಡುವುದಿಲ್ಲ.

"ಹೊಡೀರಿ, ಬಿಸಿಲು ಏರ್ತಾ ಐತೆ," ಅಂತ ಅವಳೇ ಕೂಗಿದಳು.

ಅವನು ಕೋವಿಯನ್ನು ನೆಲದ ಮೇಲಿಟ್ಟ. ನಡೆದುಕೊಂಡು ಹೋದ. ಅವಳ ಕೈ ಹಿಡಿದ. ಕರೆದುಕೊಂಡು ಬಂದ. ಜನ ಕೇಕೆ ಹಾಕಿದರು.

"ಮರ್ಯಾದೆ ಕಳೆದ್ರಲ್ಲ," ಅಂದಳು ಅವಳು.

"ಹೋಗ್ಲಿ ಬಿಡು," ಅಂದ.

ಅವಳನ್ನು ಹುಣಸೆ ಮರದ ನೆರಳಲ್ಲಿ ಕೂರಿಸಿದ. ಬರೀ ದಿಂಡಿಗಾದರೂ ಹೊಡಿ ಅಂದ ಪಟೇಲ. ಸಣ್ಣಾಚಾರಿ ಬಂದು ಕೋವಿ ಎತ್ತಿ ಹೊಡೆದ.

ಸುಣ್ಣದ ಬೊಟ್ಟು ಹಾಗೇ ಇತ್ತು. ದಿಂಡೂ ಹಾಗೇ ಇತ್ತು. ಪಕ್ಕದಲ್ಲಿ, ಅವಳು ನಿಂತಿದ್ದ ಕಡೆ ಏರಿಯಲ್ಲಿ, ಅವಳ ಎದೆಯಷ್ಟು ಎತ್ತರದಲ್ಲಿ, ಮಣ್ಣು ಉದುರುತ್ತಿತ್ತು.

ಯಾರೂ ನಗಲಿಲ್ಲ. ಸರದಿಗೆ ಕಾದಿದ್ದ ಎತ್ತುಗಳ ಹಗ್ಗವನ್ನು ಪಟೇಲನೇ ಹೋಗಿ ಬಿಚ್ಚಿದ. ಎತ್ತು ಕಟ್ಟೋ ಕಟ್ಟಳೆ ಇವತ್ತಿಗೆ ಮುಗೀತು ಅಂದ. ಸಣ್ಣಾಚಾರಿ ಅವಳ ಪಕ್ಕ ಕುಕ್ಕರಿಸಿದ. ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ ಅಂತಾರೆ. ಅವಳು ಮಾತ್ರ ಅವನ ಬೆನ್ನು ಸವರುತ್ತಾ ಕೂತಿದ್ದಳು ಅಂತಾರೆ.

ಆಮೇಲೆ ಉಳಿದ ಗುಂಡುಗಳನ್ನು ಕಡಿದು ನೋಡಿದ. ಕೆಲವುಗಳ ಒಳಗೆ ಗಾಳಿಯ ಗುಳ್ಳೆ; ಅಂಥ ಗುಂಡು ನೆಟ್ಟಗೆ ಹೋಗುವುದಿಲ್ಲ. ಬೇಟೆಯ ಅವಸರದಲ್ಲಿ, ಅಚ್ಚು ಬಿಸಿಯಾಗುವ ಮೊದಲೇ ಸೀಸ ಹೊಯ್ದಿದ್ದ. ಎಲ್ಲ ಮತ್ತೆ ಕರಗಿಸಿದ. ಅವಳು ತಿದಿ ಒತ್ತಿದಳು. ಮಾರನೆಯ ದಿನ ಹಂದಿ ಬಿತ್ತು. ಯಾರ ಗುಂಡಿಗೆ ಬಿತ್ತು ಅಂತ ಯಾರಿಗೂ ನೆನಪಿಲ್ಲ. ಪೊದೆ ಬಡಿದವರೆಲ್ಲ ಮನೆಗೆ ಬಂದು ಉಂಡರು.

ಈಗಲೂ ಆ ಕಡೆ ಹೊಸ ಗುಂಡು ಮಾಡಿದವನು ಏರಿಯ ಹತ್ತಿರ ದಿಂಡು ನಿಲ್ಲಿಸುತ್ತಾನೆ. ಹೊಡೆಯುವ ಮೊದಲು ಕೋವಿ ಕೆಳಗಿಡುತ್ತಾನೆ. ದಿಂಡಿನವರೆಗೆ ನಡೆದು ಹೋಗುತ್ತಾನೆ. ಅಲ್ಲಿ ಯಾರೂ ಇರುವುದಿಲ್ಲ. ಆದರೂ ಕೈ ಚಾಚುತ್ತಾನೆ. ಹಿಡಿದುಕೊಂಡ ಹಾಗೆ ಬೆರಳು ಮಡಚಿ, ಹೆಂಗಸಿನ ಹೆಜ್ಜೆಗೆ ತಕ್ಕ ಹಾಗೆ ನಿಧಾನ ನಡೆದು, ನೆರಳಲ್ಲಿ ಬಿಟ್ಟು ಬರುತ್ತಾನೆ. ಬೇಗ ಬಾ ಅಂತ ಯಾರೂ ಅನ್ನುವುದಿಲ್ಲ.