ಐವತ್ತೆಂಟು ಕಿಲೋದ ಅಮ್ಮ

೧೯೮೪ರ ಜೂನ್ ೧೨ರ ಡೈರಿಯಲ್ಲಿ ಸುನಂದಾಬಾಯಿ ಬರೆದಿಟ್ಟಿದ್ದರು: ‘ನನ್ನ ತೂಕ ಐವತ್ತೆಂಟು ಕಿಲೋ.’ ಬಿ.ಎಸ್ಸಿ. ಓದಿದ ಆಕೆಗೆ ತಮ್ಮ ದಾಖಲೆಯ ಮೇಲೆ ಬಲು ಭರವಸೆ. ನಾಲ್ಕು ದಶಕದ ಮೇಲೆ ನಾಯಿ ಭೈರನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತರು. ಮುಳ್ಳು ಎಂಬತ್ತೆಂಟಕ್ಕೆ ಹೋಯಿತು. ಅದರಲ್ಲಿ ಐವತ್ತೆಂಟು ಕಳೆದು, ಉಳಿದದ್ದನ್ನು ಭೈರನ ತೂಕವೆಂದು ಡೈರಿಯಲ್ಲಿ ಬರೆದರು.

“ಮೂವತ್ತು ಕಿಲೋ! ಡಾಕ್ಟರು ಇರಬೇಕೆಂದದ್ದು ಇಪ್ಪತ್ತು. ಭೈರಾ, ಇನ್ನು ನಿನಗೆ ಸಂಜೆಯ ಅನ್ನವೂ ಇಲ್ಲ.”

“ಬೆಳಗಿನದು ಹೋದ ತಿಂಗಳೇ ನಿಂತಿತಲ್ಲ ಅಮ್ಮಾ! ನನ್ನ ಪಕ್ಕೆಲುಬು ಬೀದಿಗೆಲ್ಲ ಕಾಣುತ್ತಿದೆ,” ಎಂದು ಭೈರ ಗೋಗರೆದ.

“ಲೆಕ್ಕ ಸುಳ್ಳು ಹೇಳುತ್ತದೇನೋ?”

ಯಂತ್ರ ಮೆಲ್ಲಗೆ ಕೆಮ್ಮಿತು. “ನಾಯಿಯನ್ನು ಇಳಿಸಿ, ನೀವೊಬ್ಬರೇ ಒಮ್ಮೆ ನಿಲ್ಲಿ ತಾಯಿ.”

ನಿಂತರು. ಮುಳ್ಳು ಎಪ್ಪತ್ತೆರಡು ತೋರಿಸಿತು.

“ಈ ಯಂತ್ರ ಕೆಟ್ಟಿದೆ!”

“ಹಾಗಾದರೆ ನನ್ನ ಮೂವತ್ತೂ ಸುಳ್ಳೇ ಅಲ್ಲವೇ ಅಮ್ಮಾ?” ಎಂದ ಭೈರ.

ಸುನಂದಾಬಾಯಿಗೆ ನಗು ತಡೆಯಲಾಗಲಿಲ್ಲ. ಡೈರಿಯಲ್ಲಿ ಕೆಂಪು ಶಾಯಿಯಿಂದ ಎರಡೂ ತೂಕಗಳನ್ನು ತಿದ್ದಿದರು: ತಾವು ಎಪ್ಪತ್ತೆರಡು, ಭೈರ ಹದಿನಾರು. ಆ ತಿದ್ದುಪಡಿಗೆ ತಗಲಿದ ಖರ್ಚು ಇಷ್ಟೇ: ದಿನವೂ ಭೈರನಿಗೆ ಎರಡು ಹೊತ್ತಿನ ಮೊಸರನ್ನ, ಮತ್ತು ಅಮ್ಮ ಬಿಟ್ಟುಕೊಟ್ಟ ಸಂಜೆಯ ನಾಲ್ಕು ಕೋಡುಬಳೆ.