ಪಟೇಲರ ಕೋವಿ ಹೊಡೆದ ಗೌಜಲಹಕ್ಕಿ

ಪಟೇಲ ಬೋರಣ್ಣ ಆರು ಗೌಜಲಹಕ್ಕಿಗಳನ್ನು ಅಡುಗೆಯ ಕೆಂಚಮ್ಮನ ಮುಂದೆ ಹಾಕಿ ಅಬ್ಬರಿಸಿದ: "ಎಲ್ಲಾ ನನ್ನ ಕೋವಿಗೆ ಬಿದ್ದವು! ಒಳಗಿರೋ ಗುಂಡೆಲ್ಲ ಹೆಕ್ಕಿ, ಬೀಗರ ಮುಂದೆ ತಟ್ಟೇಲಿ ತಂದಿಡು. ಇಲ್ಲಾಂದ್ರೆ ನಿನ್ನ ಕೆಲಸ ಹೋಯ್ತು!"

ಕೆಂಚಮ್ಮ ಪುಕ್ಕ ಕಿತ್ತಳು, ಬೆಂಕಿಗೆ ಹಿಡಿದಳು, ಸೀಳಿ ತಡಕಿದಳು. ಒಂದು ಗುಂಡೂ ಇಲ್ಲ. ಆರಕ್ಕೂ ಕಾಲಲ್ಲಿ ಉರುಳು ಬಿಗಿದ ಗಾಯ. ಸಂತೆಯಿಂದ ತಂದ ಹಕ್ಕಿಗಳು!

ಊಟಕ್ಕೆ ಕೂತ ಬೀಗರಿಗೆ ಬೋರಣ್ಣ ಹಕ್ಕಿಗಳಿಂದ ತೆಗೆದ ಗುಂಡು ತೋರಿಸುತ್ತೇನೆಂದು ಕೊಚ್ಚಿಕೊಳ್ಳುತ್ತಿದ್ದಾಗ ಕೆಂಚಮ್ಮ ಬರೀ ತಟ್ಟೆ ತಂದಿಟ್ಟಳು.

"ಗುಂಡೆಲ್ಲಿ?" ಎಂದರು ಬೀಗರು.

"ನಮ್ಮ ಬುದ್ಧಿಯೋರ ಕೋವಿ ಸದ್ದಿಗೇ ಎದೆ ಒಡೆದು ಸತ್ತವೆ. ಗುಂಡು ಬರೋವರೆಗೂ ಯಾವುದು ಕಾದೀತು?"

ಬೀಗರು ನಕ್ಕರು. ಹೊಗಳಿದಳೋ ಹಂಗಿಸಿದಳೋ ತಿಳಿಯದೆ ಬೋರಣ್ಣನೂ ನಕ್ಕ.

ಮುಂದಿನ ಸಲ ಹಕ್ಕಿಗಳ ಜೊತೆ ಒಂದು ಪೊಟ್ಟಣ ಗುಂಡನ್ನೂ ಮೆಲ್ಲಗೆ ಕೊಟ್ಟ.

ಕೆಂಚಮ್ಮ ಕೇಳಿದಳು: "ಬುದ್ಧಿ, ಇದನ್ನ ಒಗ್ಗರಣೆಗೆ ಹಾಕ್ಲೋ, ಸೀದಾ ತಟ್ಟೆಗೇ ಹಾಕ್ಲೋ?"