ಅನ್ನ ಬೆಂದ ಮೇಲೆ

ಹೊಳೆಯೊಂದು, ಅದರ ದಂಡೆಗೊಂದು ಮಠ. ಹಸಿದು ಬಂದವರಿಗೆಲ್ಲ ಮಧ್ಯಾಹ್ನ ಅಲ್ಲಿ ಅನ್ನ, ಸಾರು.

ಆದರೆ ಪಂಕ್ತಿ ಕೂರುವುದು ದಿನದಿನಕ್ಕೂ ತಡವಾಗುತ್ತ ಬಂತು. ಒಮ್ಮೆ, ಬಿಸಿಲಲ್ಲಿ ಕಾದು ನಿಂತಿದ್ದ ಬಸುರಿ ಹೆಣ್ಣುಮಗಳೊಬ್ಬಳು ಕಣ್ಣಿಗೆ ಕತ್ತಲೆ ಬಂದು ಬಿದ್ದೇಬಿಟ್ಟಳು.

ಸುದ್ದಿ ಶಿಷ್ಯ ಮುರಿಗೆಯ್ಯನ ಕಿವಿಗೆ ಬಿತ್ತು. ಸಿಟ್ಟೆಲ್ಲ ಅಡುಗೆಯ ಬಾಳವ್ವನ ಮೇಲೆ ಹರಿಯಿತು. ನೆಟ್ಟಗೆ ಗುರುಗಳ ಹತ್ತಿರ ಹೋದ.

"ಅಜ್ಜಾರ, ಬಾಳವ್ವನ ಕೈ ನಿಧಾನ. ಹಬೆಯೊಳಗ ಅನ್ನ ಬೇಯಿಸೋ ಯಂತ್ರ ಬಂದೈತಂತ, ಹಾಕಿಸೋಣ. ಆಕಿನ್ನ ಬಿಡಿಸೋಣ."

"ಬಿಡಿಸಿದ್ರ ಆಕಿ ಎಲ್ಲಿಗೆ ಹೋಗ್ತಾಳ?"

ಮಠ ಬಿಟ್ಟರೆ ಬಾಳವ್ವನಿಗೆ ಬೇರೆ ಸೂರಿಲ್ಲ. ಅದು ಮುರಿಗೆಯ್ಯನಿಗೂ ಗೊತ್ತು.

"ಆಕಿ ಅಡುಗಿ ಮಾಡೋದು ನೋಡೀಯೇನು?"

"ಆ ಹೊತ್ತಿನಾಗ ನಾ ನಿಮ್ಮ ಪೂಜಾಕ್ಕ ಆರತಿ ಹಿಡಿದು ನಿಂತಿರ್ತೀನಲ್ರೀ."

"ನಾಳೆ ಆರತಿ ನಾನ ಹಿಡೀತೀನಿ. ನೀ ಅಡುಗಿಮನಿ ಬಾಗಿಲಾಗ ನಿಲ್ಲು. ಬಾಯಿ ಮುಚ್ಚು, ಕಣ್ಣು ತೆಗಿ. ಆಮ್ಯಾಲ ನೀ ಹೇಳಿದಂಗ ಆಗ್ಲಿ."

ಮರುದಿನ ಬಾಗಿಲಲ್ಲಿ ಅವನನ್ನು ಕಂಡು ಬಾಳವ್ವ ಕುಟುಕಿದಳು. "ಏನಪಾ, ನನ್ನ ಗಂಟುಮೂಟಿ ಕಟ್ಟಿಸಾಕ ಬಂದಿಯೇನು? ತಡಿ, ಅನ್ನ ಬಸೀತೀನಿ."

ಬಸಿದಳು. ಸಾರಿನ ಹಂಡೆ ಇಳಿಸಿದಳು. ಹೊರಗೆ ಜನ ಆಗಷ್ಟೇ ಸೇರುತ್ತಿದ್ದರು. ಅನ್ನಕ್ಕೆ ಬಟ್ಟೆ ಮುಚ್ಚಿ, ಗಲ್ಲಕ್ಕೆ ಕೈಕೊಟ್ಟು ಕುಳಿತಳು.

ಮುರಿಗೆಯ್ಯ ಕಾದ. ಬಿಸಿಲು ಏರಿತು. ಹೊರಗೆ ಕೂಸುಗಳ ಅಳು. ಅನ್ನದ ಹಬೆ ಆರಿತು. ಆಕೆ ಮಾತ್ರ ಏಳಲೊಲ್ಲಳು.

ಬಾಯಿ ತಡೆಯಲಿಲ್ಲ. "ಯಾಕಬೇ, ಬಡಿಸಬಾರದೇನು?"

"ಹೆಂಗ ಬಡಿಸ್ಲಿ? ಮೊದಲ ಎಡಿ ಗದ್ದಿಗಿಗೆ. ಅಜ್ಜಾರ ಪೂಜಾ ಮುಗಿದು ಗಂಟಿ ಆಗೂತನಕ ಒಂದು ಅಗಳೂ ಹೊರಗ ಹೋಗಂಗಿಲ್ಲ. ಅವರಿಗೂ ವಯಸ್ಸಾತು, ಪೂಜಾ ಉದ್ದ ಆಗೈತಿ. ಹೇಳಾವ್ರು ಯಾರು?"

ಹೇಳಬೇಕಾದವನು ಮುರಿಗೆಯ್ಯನೇ. ಹೇಳಿದರೆ ಗುರುವಿಗೇ ಬೆರಳು ತೋರಿಸಿದಂತೆ. ಹೇಳದಿದ್ದರೆ ಈಕೆ ಬೀದಿಪಾಲು.

ಗುರುಗಳು ಪೂಜೆಗೆ ಕುಳಿತಿದ್ದ ಗದ್ದುಗೆಯತ್ತ ಓಡಿದ. ನಡುಪೂಜೆಯಲ್ಲಿ ಅಲ್ಲಿ ಯಾರೂ ಎಂದೂ ತುಟಿ ತೆರೆದವರಲ್ಲ.

"ಅಜ್ಜಾರ..."

ಗುರುಗಳು ತಿರುಗಿದರು.

"ಅನ್ನ ಆಗಿ ಬಾಳ ಹೊತ್ತಾತ್ರಿ. ಯಂತ್ರ ತಂದ್ರ ಇನ್ನೂ ಲಗೂನ ಬೇಯ್ತೈತಿ, ಇನ್ನೂ ಹೊತ್ತು ಕಾಯ್ತೈತಿ, ಅಷ್ಟ. ತಡ ಬಾಳವ್ವಂದಲ್ರಿ." ಕೈ ಮುಗಿದ. "ನಿಮ್ದು."

ಗುರುಗಳ ಮುಖ ಕೆಂಪಾಯಿತು. ಮುರಿಗೆಯ್ಯ ಕಣ್ಣು ಮುಚ್ಚಿಕೊಂಡ. ಬೈಗುಳ ಬರಲಿಲ್ಲ.

ಕಣ್ಣು ತೆರೆದರೆ, ಏರಿಸಬೇಕಿದ್ದ ಹೂವು ಬುಟ್ಟಿಯಲ್ಲೇ ಇತ್ತು. ಗುರುಗಳು ಗಂಟೆ ಹಿಡಿದು ಅಡುಗೆಮನೆಗೆ ನಡೆದಿದ್ದರು. ಹೋಗಿ ಅದನ್ನು ಬಾಳವ್ವನ ಮುಂದೆ ಚಾಚಿದರು.

ಆಕೆ ಗಾಬರಿಯಾಗಿ ಹಿಂದೆ ಸರಿದಳು. "ಅಯ್ಯಯ್ಯ, ಬ್ಯಾಡ್ರೀ ಅಜ್ಜಾರ! ಪೂಜಾ ಇನ್ನಾ ಉಳಿದೈತಿ."

"ಉಳಿದದ್ದು ಹೊರಗ ಬಿಸಿಲಾಗ ನಿಂತೈತಿ. ಬಾರಿಸವ್ವಾ."